ಎಲ್ಲರ ಲ್ಯಾಪ್‌ಟಾಪಿನಲ್ಲೂ ಡಿಯೋನ್

“ಉಮ್ಮಾ, ಬೊನಿಫಾಸ್ ಸರ್ ಎಲ್ಲದಕ್ಕೂ ಛೀ ಅಂತ ಯಾಕೆ ಹೇಳ್ತಾರೆ?”

ಸ್ಕೂಟರಿನಲ್ಲಿ ಬೆನ್ನಿಗೆ ಆತುಕೊಂಡಿದ್ದ ನಜ್ಲಾ ತಾಯಿ ಶಮೀಮಾಳನ್ನು ಕೇಳಿದಳು. ಉರ್ವದ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಅವಳು ಟೈಪಿಂಗ್ ಕಲಿಸುವಷ್ಟು ಹೊತ್ತು, ಶಾಲೆ ಬಿಟ್ಟು ಬಂದ ಮಗಳು ಕೂರುವುದು ಬೊನಿಫಾಸರ ಲ್ಯಾಬಿನ ಮೂಲೆಯಲ್ಲಿ. ಆ ಛೀಗಳನ್ನು ನಜ್ಲಾಳಷ್ಟು ಕೇಳಿದವರು ಬೇರೆ ಇರಲಿಲ್ಲ.

ಮಸ್ಕತ್ತಿನ ಕಂಪನಿಯೊಂದರ ಕಂಪ್ಯೂಟರುಗಳನ್ನು ವರ್ಷಗಟ್ಟಲೆ ನೋಡಿಕೊಂಡು ಊರಿಗೆ ಮರಳಿ, ಈಗ ಇಲ್ಲಿ ಪ್ರೋಗ್ರಾಮಿಂಗ್ ಕಲಿಸುತ್ತಿದ್ದ ಬೊನಿಫಾಸರಿಗೆ ಹೇಸಿಗೆ ಬೇಗ ಬರುತ್ತಿತ್ತು. ಗೋಳಿಬಜೆ ತಿಂದ ಕೈಯಲ್ಲಿ ಕೀಬೋರ್ಡ್ ಮುಟ್ಟಿದರೆ ಛೀ. ಮೌಸಿನ ಅಡಿಯ ಕಪ್ಪು ಜಿಡ್ಡಿಗೆ ಛೀ. ಕರ್ಚೀಫಿನಿಂದ ಒಂದೊಂದೇ ಕೀ ಒರೆಸಿ, ಆ ಕರ್ಚೀಫನ್ನೂ ಬೆರಳ ತುದಿಯಲ್ಲಿ ಹಿಡಿದು ಚೀಲಕ್ಕೆ ಹಾಕುವರು. ನಜ್ಲಾಳಿಗೆ ರಸ್ಕ್ ಕೊಡುವ ಮೊದಲು ಅವಳ ಉಗುರು ನೋಡುವರು.

ಎಲ್ಲಕ್ಕಿಂತ ಹೆಚ್ಚು ಹೇಸಿಗೆ ಗೋಡೆಯ ಫ್ಲೆಕ್ಸ್ ಮೇಲೆ. ಮಾಲೀಕ ವಾಲ್ಟರ್ ಕೈಮುಗಿದು ನಗುವ ಫೋಟೋದ ಕೆಳಗೆ, ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯಲು ಕಂಪ್ಯೂಟರನ್ನು ಸಜ್ಜುಗೊಳಿಸುವ ಕ್ರಮ ಅಚ್ಚಾಗಿತ್ತು. ಜಾವಾ ಯಾವ ಫೋಲ್ಡರಿನಲ್ಲಿದೆ ಎಂಬ ವಿಳಾಸವನ್ನು ಎನ್ವಿರಾನ್‌ಮೆಂಟ್ ವೇರಿಯೇಬಲ್ ಎಂಬಲ್ಲಿ ಬರೆದಿಟ್ಟರೆ ಕಂಪ್ಯೂಟರ್ ಅದನ್ನು ಹುಡುಕಿಕೊಳ್ಳುತ್ತದೆ. ಫ್ಲೆಕ್ಸಿನಲ್ಲಿದ್ದದ್ದು ಹಿಂದಿನ ಶಿಕ್ಷಕ ಡಿಯೋನನ ವಿಂಡೋಸ್ ಕಂಪ್ಯೂಟರಿನ ವಿಳಾಸ, ಸಿ ಡ್ರೈವಿನಿಂದ ಶುರುವಾಗಿ, ನಡುವೆ ಅವನ ಹೆಸರೂ ಸೇರಿ. ಅವನು ದೋಹಾಕ್ಕೆ ಹೋಗಿ ವರ್ಷಗಳಾಗಿದ್ದವು. ಲ್ಯಾಬಿನ ಕಂಪ್ಯೂಟರುಗಳೆಲ್ಲ ಅವನದರ ಪಡಿಯಚ್ಚುಗಳಾದ್ದರಿಂದ ಅಲ್ಲಿ ಎಲ್ಲವೂ ಓಡುತ್ತಿತ್ತು. ಮಕ್ಕಳು ಫ್ಲೆಕ್ಸಿನ ಫೋಟೋ ಹೊಡೆದುಕೊಂಡು ಹೋಗಿ, ಮನೆಯ ಲ್ಯಾಪ್‌ಟಾಪಿನಲ್ಲೂ ಅದನ್ನೇ ಬರೆದಿಟ್ಟರು. ಅಲ್ಲಿ ಡಿಯೋನನ ಹೆಸರಿನ ಫೋಲ್ಡರೇ ಇರಲಿಲ್ಲ.

ಒಮ್ಮೆ ಬೊನಿಫಾಸ್ ಒಬ್ಬ ವಿದ್ಯಾರ್ಥಿಯನ್ನು ಹಿಡಿದು ಕೇಳಿದ್ದರು. “ನಿನ್ನ ಹೆಸರು ಎಂತ?”

“ಇಜಾಝ್, ಸರ್.”

“ಮತ್ತೆ ನಿನ್ನ ಜಾವಾ ಡಿಯೋನನ ಮನೆಯಲ್ಲಿ ಎಂತ ಮಾಡ್ತದೆ? ಅದೂ ನಿನ್ನದು ವಿಂಡೋಸ್ ಅಲ್ಲ, ಮ್ಯಾಕ್. ಮ್ಯಾಕಿನಲ್ಲಿ ಸಿ ಡ್ರೈವ್ ಎಲ್ಲಿ ಉಂಟು ಮಾರಾಯ? ಛೀ.”

“ಫ್ಲೆಕ್ಸಲ್ಲಿ ಹಾಗೇ ಉಂಟಲ್ಲ ಸರ್.”

“ಫ್ಲೆಕ್ಸಲ್ಲಿ ವಾಲ್ಟರ್ ಸರ್‌ದು ಮೀಸೆ ಸಹ ಉಂಟು. ಅದನ್ನೂ ಇಡ್ತೀಯಾ?”

ಫ್ಲೆಕ್ಸ್ ತೆಗೆಸಿ ಎಂದು ಬೊನಿಫಾಸ್ ಹೇಳಿದಾಗಲೆಲ್ಲ ವಾಲ್ಟರರದು ಒಂದೇ ಮಾತು. “ಫೋಟೋ ಒಳ್ಳೆದು ಬಂದಿದೆ, ಇರಲಿ.”

ಅಷ್ಟರಲ್ಲಿ ಕಂಪನಿಯೊಂದು ಮಕ್ಕಳನ್ನು ಅವರವರ ಲ್ಯಾಪ್‌ಟಾಪಿನೊಂದಿಗೆ ಕೆಲಸದ ಪರೀಕ್ಷೆಗೆ ಕರೆಯಿತು. ಹೆಚ್ಚಿನವರ ಪ್ರೋಗ್ರಾಮ್ ಓಡಲೇ ಇಲ್ಲ. ಮರುದಿನ ಪೋಷಕರು ಬಂದು ಕೂಗಾಡಿದರು. ಅವರನ್ನು ಹೊರಗೆ ಕೂರಿಸಿ ವಾಲ್ಟರ್ ಬೊನಿಫಾಸರಿಗೆ ಹೇಳಿದ್ದು ಶಮೀಮಾಳ ಕಿವಿಗೂ ಬಿತ್ತು.

“ಕಲಿಸುವಾಗ ನನ್ನಿಂದ ತಪ್ಪಾಯ್ತು ಅಂತ ಹೇಳಿಬಿಡಿ. ಇಲ್ಲದಿದ್ರೆ ನಾಳೆಯಿಂದ ಬರುವುದು ಬೇಡ.”

ತಪ್ಪು ಬೊನಿಫಾಸರದಲ್ಲ ಎಂದು ಶಮೀಮಾಳಿಗೆ ಗೊತ್ತಿತ್ತು. ಆದರೂ ಒಪ್ಪಿಕೊಳ್ಳಲಿ ಎಂದೇ ಅವಳು ಮನಸ್ಸಿನಲ್ಲಿ ಬೇಡಿಕೊಂಡಳು. ಈ ವಯಸ್ಸಿನಲ್ಲಿ ಅವರಿಗೆ ಇನ್ನೊಂದು ಲ್ಯಾಬ್ ಯಾರು ಕೊಡುತ್ತಾರೆ?

ಬೊನಿಫಾಸ್ ಪೋಷಕರನ್ನು ಲ್ಯಾಬಿನೊಳಗೆ ಕರೆದು ಫ್ಲೆಕ್ಸಿನ ಎದುರು ನಿಲ್ಲಿಸಿದರು.

“ಈ ಹೆಸರು ಓದಿ. ನಿಮ್ಮ ಮಕ್ಕಳದ್ದಾ? ಈಗ ಅದರ ಮೇಲಿರುವ ಫೋಟೋ ನೋಡಿ.”

ಅಷ್ಟು ಹೇಳಿ ಚೀಲ ಹೆಗಲಿಗೇರಿಸಿದರು.

ಮಗಳ ಕೈಹಿಡಿದು ಓಡಿಬಂದ ಶಮೀಮಾ ಮೆಟ್ಟಿಲ ಬಳಿ ಅವರನ್ನು ನಿಲ್ಲಿಸಿದಳು. ಬೊನಿಫಾಸರದು ಕಹಿ ಔಷಧಿ ನುಂಗಿದವರ ಮುಖ. ಉಳಿದಿದ್ದ ರಸ್ಕಿನ ಪ್ಯಾಕೆಟನ್ನು ನಜ್ಲಾಳ ಕೈಗಿಟ್ಟರು. ಉಗುರು ನೋಡಲಿಲ್ಲ.

“ಶಮೀಮಾ, ಒಂದು ಉಪಕಾರ ಆಗಬೇಕು. ಶನಿವಾರ ಮಕ್ಕಳಿಗೆ ಇನ್ನೊಂದು ಪರೀಕ್ಷೆ ಉಂಟು. ಸರಿಯಾದ ಕ್ರಮ ನಾನು ಫೋನಿನಲ್ಲಿ ಹೇಳ್ತೇನೆ, ನೀನು ಕನ್ನಡದಲ್ಲಿ ಟೈಪ್ ಮಾಡಿ ಮಕ್ಕಳ ವಾಟ್ಸಾಪಿಗೆ ಹಾಕು. ವಿಂಡೋಸಿಗೆ ಬೇರೆ, ಮ್ಯಾಕಿಗೆ ಬೇರೆ, ಲಿನಕ್ಸಿಗೆ ಬೇರೆ. ಅವರವರ ಹೆಸರು ಬರುವ ಜಾಗ ಖಾಲಿ ಬಿಡು. ಕೊನೆಗೆ ಕಮಾಂಡ್ ಬರೆಯುವ ಹಳೇ ಟರ್ಮಿನಲ್ ಮುಚ್ಚಿ ಹೊಸತು ತೆರೆಯಲಿಕ್ಕೆ ಹೇಳು, ಇಲ್ಲದಿದ್ರೆ ಬದಲಾದದ್ದು ಕಾಣುವುದಿಲ್ಲ.”

“ಆಯ್ತು ಸರ್. ಕೆಳಗೆ ನಿಮ್ಮ ಹೆಸರು ಹಾಕ್ತೇನೆ.”

“ಅದೊಂದು ಮಾತ್ರ ಮಾಡಬೇಡ,” ಎಂದರು ಬೊನಿಫಾಸ್. “ಛೀ, ಖಾಲಿ ಜಾಗದಲ್ಲಿ ಅದನ್ನೇ ಬರ್ಕೊಳ್ತಾರೆ.”