ದಾವಲಸಾಬ ಕಾಕಾ ಬಿಟ್ಟ ರೋಜಾ

ದಾವಲಸಾಬ ಕಾಕಾನ ಕೊರಳಲ್ಲಿ ಅಳತೆಪಟ್ಟಿ ಸದಾ ಜೋತಾಡುತ್ತಿತ್ತು. ಅದನ್ನು ಅವರು ಬಳಸಿದ್ದು ಮಾತ್ರ ಅಪರೂಪ. ಕಣ್ಣು ಕಿರಿದು ಮಾಡಿ ಒಮ್ಮೆ ನೋಡಿದರೆ ಅಳತೆ ಮುಗಿಯಿತು. "ಏನವ್ವಾ, ಎರಡ ಬೆರಳ ಸಣ್ಣ ಆಗೀದಿ. ಊಟಾ ಬಿಟ್ಟೀಯೇನು?" ಎನ್ನುತ್ತಿದ್ದರು. ರಾಣೆಬೆನ್ನೂರಿನಲ್ಲಿ ಅವರ ಹೊಲಿಗೆ ಅಂಗಡಿಯ ಎದುರಿಗೇ ನಮ್ಮ ಔಷಧಿ ಅಂಗಡಿ. ಊರವರ ಮೈಯೆಲ್ಲ ಅಳೆಯುತ್ತಿದ್ದ ಆ ಕಣ್ಣಿಗೆ ತಮ್ಮದೇ ಅಂಗಿ ಜೋಲುತ್ತಿದ್ದುದು ಕಾಣಲಿಲ್ಲ. ಹೆಂಡತಿ ಮಾಲನಬಿ ಕಾಕು ಹಟ ಮಾಡಿ ದವಾಖಾನೆಗೆ ಕರೆದೊಯ್ದಾಗ ಸಕ್ಕರೆ ಕಾಯಿಲೆ ಬಹಳ ಏರಿತ್ತು. ಇನ್ಸುಲಿನ್ ಶುರುವಾಯಿತು. ರಂಜಾನಿನ ಉಪವಾಸ ಬೇಡವೆಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು.

"ಹನ್ನೆರಡ ವರ್ಷದಾಂವ ಇದ್ದಾಗಿಂದ ಒಂದೂ ರೋಜಾ ಬಿಟ್ಟಿಲ್ಲವ್ವಾ. ಈಗ ಸಕ್ಕರಿಗೆ ಅಂಜಿ ಬಿಡಲೇನು?" ಎಂದು ಕಾಕಾ ನನ್ನನ್ನೇ ಕೇಳಿದರು. ಹಗಲೆಲ್ಲ ಖಾಲಿ ಹೊಟ್ಟೆ, ಸಂಜೆ ಒಮ್ಮೆಲೇ ಶರಬತ್ತು, ಭಜಿ. ಏನಾದೀತೆಂದು ಬಿಡಿಸಿ ಹೇಳಿದೆ. ನಕ್ಕು ಎದ್ದು ಹೋದರು. ರಂಜಾನ್ ಶುರುವಾದ ದಿನವೇ ರೋಜಾ ಹಿಡಿದರು. ಅವತ್ತಿನಿಂದ ಗಿರಾಕಿಗೆ ಮಾತ್ರೆ ಕೊಡುವಾಗಲೂ ನನ್ನ ಕಿವಿ ರಸ್ತೆಯಾಚೆಗೆ. ಮಶೀನಿನ ಸದ್ದು ಒಂದು ಕ್ಷಣ ತಡೆದರೆ ಹೊರಗೆ ಬಂದು ಇಣುಕುತ್ತಿದ್ದೆ.

ಆರನೆಯ ದಿನ ಸದ್ದು ನಿಲ್ಲಲೇ ಇಲ್ಲ. ಅದೇ ಭಯವಾಗಿ ಹೋಗಿ ನೋಡಿದೆ. ಸೂಜಿಯ ಕೆಳಗೆ ಬಟ್ಟೆಯೇ ಇಲ್ಲ. ಕಾಕಾ ತುಳಿಯುತ್ತಲೇ ಇದ್ದಾರೆ. ಗದ್ದದಿಂದ ಬೆವರು ತೊಟ್ಟಿಕ್ಕುತ್ತಿತ್ತು.

"ಯಾರವ್ವಾ ನೀ?" ಎಂದರು.

ನಾನು ಕೂಗಿದೆ. ಅಂಗಡಿಯ ಹಿಂದಿನ ಮನೆಯಿಂದ ಕಾಕು ಸಕ್ಕರೆ ನೀರು ತಂದರು. ಕಾಕಾ ಲೋಟ ಸರಿಸಿದರು. "ಹೊತ್ತ ಮುಳಗಾಕ ಇನ್ನ ಎರಡ ತಾಸು ಐತಿ..."

"ಎರಡ ತಾಸಿಗೆ ನೀವ ಇರೂದಿಲ್ರಿ! ಪಾಪ ಬರೂದಿದ್ರ ನನಗ ಬರಲಿ, ಕುಡೀರಿ!" ಎಂದರು ಕಾಕು.

ಕುಡಿದರು. ಸ್ವಲ್ಪ ಹೊತ್ತಿಗೆ ನನ್ನ ಗುರುತು ಹತ್ತಿತು. ಆಮೇಲೆ ಮುಖ ಮುಚ್ಚಿಕೊಂಡು ಅತ್ತರು.

ಸಂಜೆ ಮಸೀದಿಯ ಮೌಲಾನಾ ತಾವೇ ಬಂದರು. "ಬ್ಯಾನಿ ಇದ್ದವ್ರಿಗೆ ಮಾಫಿ ಐತಿ, ದಾವಲಸಾಬರ. ದಿನಾ ಒಬ್ಬ ಬಡವಗ ಊಟಾ ಹಾಕ್ರಿ, ನೀವೂ ಉಣ್ರಿ," ಎಂದರು. ಕಾಕಾ ಒಪ್ಪಿದರು. ನಾಚಿಕೆ ಮಾತ್ರ ಬಿಡಲಿಲ್ಲ. ಮಧ್ಯಾಹ್ನ ಒಂದಕ್ಕೆ ಶಟರ್ ಅರ್ಧ ಇಳಿಸಿ ಎರಡು ಜೋಳದ ರೊಟ್ಟಿ, ಮೆಂತ್ಯ ಪಲ್ಯ, ಮೊಸರು ಉಣ್ಣುತ್ತಿದ್ದರು. ಕೈತೊಳೆದ ಸದ್ದೂ ಹೊರಗೆ ಕೇಳುತ್ತಿರಲಿಲ್ಲ. ಒಂದು ದಿನ ಒಂದೂವರೆಯಾದರೂ ಶಟರ್ ಇಳಿಯಲಿಲ್ಲ. ಓಡಿದೆ. ಬ್ಯಾಡಗಿಯಿಂದ ಬಂದ ಬೀಗರು ಮಾತಾಡುತ್ತ ಕೂತಿದ್ದರು. ಅವರೆದುರು ಉಣ್ಣಲಾರದೆ ಕಾಕಾನ ಬೆರಳು ನಡುಗುತ್ತಿದ್ದವು.

"ಬೀಗರ, ನಮ್ಮ ಅಂಗಡಿಗೆ ಬರ್ರಿ, ಫ್ಯಾನ ಐತಿ," ಎಂದು ಅವರನ್ನು ಎಬ್ಬಿಸಿಕೊಂಡು ಬಂದೆ.

ಹಬ್ಬದ ದಿನ ಶಾವಿಗೆಯ ಸಿಹಿ ಸುರಕುಂಬಾಕ್ಕೆ ಕರೆದರು. ಕಾಕಾ ತಮ್ಮ ಬಟ್ಟಲು ಮುಟ್ಟಲಿಲ್ಲ. "ರೋಜಾ ಹಿಡೀಲಾರದಾಂವಗ ಹಬ್ಬಾ ಎಲ್ಲೀದು?" ಎಂದರು.

"ಇಷ್ಟ ದಿನಾ ನನ್ನ ಮಾತ ಕೇಳೀರಿ. ಅದಕ್ಕಿಂತ ಕಠಿಣ ರೋಜಾ ಯಾವುದೈತ್ರಿ?" ಎಂದರು ಕಾಕು.

ಕಾಕಾ ಗಟ್ಟಿಯಾಗಿ ನಕ್ಕರು. ಎರಡೇ ಚಮಚ ತಿಂದು ಬಟ್ಟಲು ಕೆಳಗಿಟ್ಟರು.

ದೀಪಾವಳಿಯ ಹೊತ್ತಿಗೆ ಹಾವೇರಿಯ ದವಾಖಾನೆಯಲ್ಲಿ ಅವರ ಹೃದಯ ನಿಂತಿತು. ಅಷ್ಟು ಕಾವಲು ಕಾದ ನನಗೆ ಸುದ್ದಿ ಫೋನಿನಲ್ಲಿ ಬಂತು.

ಮುಂದಿನ ರಂಜಾನಿನ ಮೊದಲ ಮಧ್ಯಾಹ್ನ ಕಾಕು ನನ್ನನ್ನು ಕರೆಸಿದರು. ತಟ್ಟೆಯಲ್ಲಿ ಬಿಸಿ ರೊಟ್ಟಿ ಇದ್ದವು. "ರಂಜಾನ ಬಂತು, ಒಂದ ಗಂಟಿ ಆತು, ಕೈ ತಾವ ಎದ್ದು ರೊಟ್ಟಿ ಬಡದಬಿಟ್ಟಾವವ್ವಾ. ನೀ ಉಣ್ಣು," ಎಂದರು. ಅವರಿಗೆ ಉಪವಾಸ. ಅವರೆದುರು ತುತ್ತೆತ್ತಲಾರದೆ ನಾನು ಅತ್ತ ತಿರುಗಿ ಕೂತೆ.

"ಈ ಕಡೆ ತಿರಗವ್ವಾ," ಎಂದರು ಕಾಕು. "ಉಣ್ಣೂದ ನೋಡ್ತೇನಿ."