ಏಳು ಕೋಟಿಯ ಗೋಡೆ

ಅಕ್ಕ ಬದುಕಿದ್ದಷ್ಟು ಕಾಲ ನಾನು ನನ್ನ ತಪ್ಪನ್ನು ಒಪ್ಪಿಕೊಳ್ಳಲಿಲ್ಲ. ಮೊನ್ನೆ ಎಮ್ಮಿಗನೂರಿನಲ್ಲಿ ಯಾರದೋ ಮನೆಗೆ ಸುಣ್ಣ ಕಲಸುತ್ತಿದ್ದರು. ಆ ಹಸಿ ವಾಸನೆ ಬಡಿದದ್ದೇ ಕಾಲು ಮುಂದೆ ಹೋಗಲಿಲ್ಲ...

ನಾನು ನಾಲ್ಕನೇ ತರಗತಿಗೆ ಶಾಲೆ ಬಿಟ್ಟವನು. ಅಕ್ಕ ಹತ್ತರಲ್ಲಿದ್ದಳು. ಅವಳ ಲೆಕ್ಕದ ಸಾರ್ ಒಂದು ದಿನ ಹಲಗೆಯ ಮೇಲೊಂದು ಸಂಖ್ಯೆ ಬರೆದರಂತೆ: ಏಳು ಕೋಟಿ ಮೂವತ್ತೊಂಬತ್ತು ಲಕ್ಷ ಮೂವತ್ತೊಂಬತ್ತು ಸಾವಿರದ ನೂರ ಮೂವತ್ತಮೂರು. ಇದನ್ನು ಒಂದು ಮತ್ತು ಇದೇ ಸಂಖ್ಯೆ ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗಿಸಲಾಗದು. ಕೊನೆಯ ಅಂಕಿ ಅಳಿಸಿದರೆ ಉಳಿದದ್ದೂ ಹಾಗೆಯೇ. ಹೀಗೆ ಒಂದೊಂದೇ ಅಳಿಸುತ್ತ ಬರೀ ಏಳು ಉಳಿಯುವ ತನಕ ಅದು ಒಡೆಯುವುದಿಲ್ಲ. ಬಾಲಕ್ಕೆ ಇನ್ನು ಯಾವ ಅಂಕಿ ಸೇರಿಸಿದರೂ ಒಡೆಯುತ್ತದೆ. ನಿಜವೋ ಸುಳ್ಳೋ ನೀವೇ ನೋಡಿ ಎಂದು ಸಾರ್ ನಕ್ಕರಂತೆ. ಉಳಿದವರು ಮರೆತರು.

ಅಕ್ಕ ದನದ ಕೊಟ್ಟಿಗೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಭಾಗಾಕಾರ ಶುರು ಮಾಡಿದಳು. ಹತ್ತಿ ಬಿಡಿಸಿ ಬಂದ ಕೈಯಲ್ಲೇ, ವರ್ಷವಿಡೀ, ತಾವೂ ಒಡೆಯದ ಸಂಖ್ಯೆಗಳಿಂದಷ್ಟೇ, ಸಾವಿರಕ್ಕೂ ಮಿಕ್ಕಿ ಭಾಗಾಕಾರ. ಎಂಟು ಸಾವಿರದ ಆರುನೂರನ್ನು ಅದರಿಂದಲೇ ಗುಣಿಸಿದರೆ ಆ ಸಂಖ್ಯೆ ದಾಟಿ ಹೋಗುತ್ತದೆ, ಅದರಾಚೆ ನೋಡುವುದೇ ಬೇಡ ಎಂದು ನನಗೂ ಕಲಿಸಿದಳು. "ಎರಡು ಪಾಲಾದ್ರ ಒಂದು ಪಾಲು ಅದ್ರೊಳಗ ಇರಬೇಕಲ್ಲೋ ತಮ್ಮಾ." ನನಗೆ ಅರ್ಥವಾಗಿತ್ತು.

ಸಾರ್ ಬಂದು ನೋಡಿ ಹೌದೆಂದರೆ ಆದೋನಿಯ ಕಾಲೇಜಿಗೆ ಕಳಿಸುತ್ತೇನೆ ಎಂದ ಅಪ್ಪ. ಓಣಿಯವರೆಲ್ಲ ಬಂದು ಗೋಡೆ ನೋಡಿ ಹೋದರು. ಎತ್ತು ಕಟ್ಟುತ್ತ ನಿಂತಿದ್ದ ನನ್ನನ್ನು ಯಾರೂ ನೋಡಲಿಲ್ಲ. ಯುಗಾದಿಗೆ ಸುಣ್ಣ ಬಳಿಯುವುದು ಪ್ರತಿ ವರ್ಷ ನನ್ನ ಕೆಲಸ. ಕೊಟ್ಟಿಗೆ ಬಿಡು ಎಂದು ಅಕ್ಕ ಹೇಳಿದ್ದಳು. ನಾನು ಆ ಗೋಡೆಗೇ ಒಂದರ ಮೇಲೊಂದು ಎರಡು ಕೈ ಸುಣ್ಣ ಬಳಿದೆ.

ಬರೀ ಮಸಿ ಅಂದುಕೊಂಡೆ ಎಂದು ಅಪ್ಪನಿಗೆ ಹೇಳಿದೆ. ಅವನು ಎತ್ತಿದ ಕೈಯನ್ನು ಅಕ್ಕನೇ ಹಿಡಿದಳು.

"ಬಿಡಪ್ಪಾ, ಅವಂಗೇನ್ ಗೊತ್ತು. ಗ್ವಾಡಿ ಹೋತು, ಸಂಖ್ಯೆ ಎಲ್ಲಿ ಹೋಗ್ತತಿ?"

ಮರುದಿನ ಬಂದ ಸಾರ್ ಅವಳ ಮಾತು ನಂಬಿದರು. ಬಿಳೇ ಗೋಡೆ ನೋಡಿ ಮಗಳನ್ನು ಹೇಗೆ ಕಳಿಸಲಿ ಎಂದ ಅಪ್ಪ ಮಾತ್ರ ಜಗ್ಗಲಿಲ್ಲ. ಅಂದು ಸಂಜೆಯೇ ಅಕ್ಕ ಮತ್ತೆ ಇದ್ದಿಲು ಹಿಡಿದಳು. ಮೊದಲಿನಿಂದ! ಮುಗಿಸುವ ಹೊತ್ತಿಗೆ ಸಾರ್‌ಗೆ ವರ್ಗವಾಗಿತ್ತು, ಅವಳಿಗೆ ನಾಗಲದಿನ್ನೆಯ ಗಂಡು ಗೊತ್ತಾಗಿತ್ತು. ಆದರೂ ಮುಗಿಸಿದಳು. ನಮ್ಮ ಸೀಮೆಯಲ್ಲಿ ಆ ಸಂಖ್ಯೆಯನ್ನು ಕೈಯಾರೆ ಎರಡು ಸಲ ಗೆದ್ದವಳು ನನ್ನಕ್ಕ ಒಬ್ಬಳೇ, ಇದನ್ನು ನಾನು ಯಾರೆದುರಿಗೂ ಹೇಳಬಲ್ಲೆ.

"ಹೋದ ಸಲ ಒಂದು ಕಡೆ ಶೇಷ ತಪ್ಪಿತ್ತೋ. ಛಲೋ ಆತು ನೀ ಬಳದಿದ್ದು," ಎಂದು ನಕ್ಕಿದ್ದಳು. ಆಗಲಾದರೂ ಹೇಳಬೇಕಿತ್ತು...

ಮೊನ್ನೆ ಆ ಸುಣ್ಣದ ವಾಸನೆ ಬಡಿದಲ್ಲಿಂದಲೇ ನೇರ ನಾಗಲದಿನ್ನೆಯ ಬಸ್ಸು ಹತ್ತಿದೆ. ಅವಳನ್ನು ಮಣ್ಣು ಮಾಡಿದ ಜಾಗಕ್ಕೆ ಭಾವನೂ ಜೊತೆಗೆ ಬಂದರು. ಅವರಿಗೂ ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದೆ.

"ಅಕ್ಕಾ, ಅದು ಬರೀ ಮಸಿ ಅಲ್ಲ ಅಂತ ನನಗ ಗೊತ್ತಿತ್ತು. ನೀನ ಕಲಿಸಿದ್ದಿ. ಹೊಟ್ಟಿಕಿಚ್ಚಿಗೆ ಬಳದೆ. ತಪ್ಪಾತು."