ಸೀಲು ಮುರಿಯದ ಚೀಲದೊಳಗೆ ತೊಗರಿ ಹೂವು

ಮುನ್ಸೂಚನೆ, ಶಕುನ, ಕನಸು ನಿಜವಾಗುವುದು, ಇವೆಲ್ಲ ಕೆಲಸವಿಲ್ಲದವರು ಕಟ್ಟೆಯ ಮೇಲೆ ಕೂತು ಹುಟ್ಟಿಸುವ ಮಾತು ಎಂದು ನಾನು ಬಹಳ ಕಾಲ ನಂಬಿದ್ದೆ. ನನ್ನನ್ನು ಬೆಳೆಸಿದ್ದೇ ಹಾಗೆ. ನಮ್ಮಪ್ಪ ಬುದ್ಧನ ಫೋಟೋ ಒಂದನ್ನು ಬಿಟ್ಟು ಗೋಡೆಗೆ ಬೇರೇನನ್ನೂ ತೂಗುಹಾಕಿದವನಲ್ಲ. ಊರಲ್ಲಿ ಯಾರಿಗಾದರೂ ಮೈಮೇಲೆ ಬಂತೆಂದು ಕರೆಯಲು ಬಂದರೆ, ಮೊದಲು ಅವರಿಗೆ ಹೊಟ್ಟೆತುಂಬ ಊಟ ಹಾಕಿ, ಆಮೇಲೂ ಬಂದರೆ ಹೇಳಿ ಎನ್ನುತ್ತಿದ್ದ. ಅಂಥವನ ಮಗ ನಾನು. ಈಗ ಬರೆಯುತ್ತಿರುವುದನ್ನು ಅಪ್ಪ ಓದಿದ್ದರೆ ನನಗೂ ಊಟ ಹಾಕಲು ಹೇಳುತ್ತಿದ್ದನೇನೋ.

ನನ್ನ ಕಸುಬನ್ನು ಮೊದಲು ಹೇಳಬೇಕು. ಫೌಜಿನಲ್ಲಿ ನಾನು ಪ್ಯಾರಾಶೂಟ್ ಮಡಿಸುವ ವಿಭಾಗದಲ್ಲಿದ್ದೆ. ಬಂದೂಕು ಹಿಡಿದದ್ದಕ್ಕಿಂತ ಬಟ್ಟೆ ಹಿಡಿದದ್ದೇ ಹೆಚ್ಚು. ನಿವೃತ್ತನಾಗಿ ಬಂದು ಹುಮನಾಬಾದಿನಿಂದ ಮಾಣಿಕನಗರಕ್ಕೆ ಹೋಗುವ ದಾರಿಯಲ್ಲಿ ತಾಡಪತ್ರಿ ಹೊಲಿಯುವ ಅಂಗಡಿ ಇಟ್ಟೆ. ಲಾರಿಯವರು, ರಾಶಿ ಮಾಡುವ ರೈತರು ಬರುತ್ತಾರೆ, ಹೊಟ್ಟೆಗೆ ಕೊರತೆಯಿಲ್ಲ. ಅಂಗಡಿಯ ಮೇಲಿನ ಕೋಣೆಯಲ್ಲಿ ಮಾತ್ರ ಒಂದು ಉದ್ದನೆಯ ಮೇಜಿದೆ. ಅದರ ಮೇಲೆ ತಾಡಪತ್ರಿ ಬೀಳಲು ನಾನು ಬಿಡುವುದಿಲ್ಲ. ಪ್ಯಾರಾಶೂಟ್ ಮಡಿಸುವ ಪರವಾನಗಿ ಇನ್ನೂ ನನ್ನ ಹತ್ತಿರ ಇದೆ, ಆ ಮೇಜು ಆ ಕೆಲಸಕ್ಕೇ ಮೀಸಲು.

ವಿಮಾನದಿಂದ ಹಾರುವವರ ಬೆನ್ನಿಗೆ ಎರಡು ಪ್ಯಾರಾಶೂಟ್ ಇರಬೇಕೆಂಬುದು ನಿಯಮ. ಮೊದಲನೆಯದು ಮೇನ್. ಅದನ್ನು ಹಾರುವವರೇ ಮಡಿಸಿಕೊಳ್ಳಬಹುದು. ಎರಡನೆಯದು ರಿಸರ್ವ್, ಮೇನ್ ಕೈಕೊಟ್ಟರೆ ಕಡೆಯ ಆಸರೆ. ಅದನ್ನು ಪರವಾನಗಿ ಇದ್ದವರೇ ಮಡಿಸಬೇಕು. ಮಡಿಸಿ, ಚೀಲದ ಬಾಯಿಗೆ ಕೆಂಪು ದಾರ ಕಟ್ಟಿ, ದಾರಕ್ಕೆ ಸೀಸದ ಗುಂಡು ಸಿಕ್ಕಿಸಿ, ತನ್ನ ಗುರುತಿನ ಇಕ್ಕಳದಿಂದ ಒತ್ತಿ ಸೀಲು ಮಾಡಿ ಸಹಿ ಹಾಕಬೇಕು. ಉಪಯೋಗಿಸಲಿ ಬಿಡಲಿ, ಆರು ತಿಂಗಳಿಗೆ ಅದನ್ನು ಬಿಚ್ಚಿ, ಪರೀಕ್ಷಿಸಿ, ಮತ್ತೆ ಮಡಿಸಬೇಕು. ಹಿಂದೆ ರೇಷ್ಮೆ ಬಟ್ಟೆ ಇದ್ದಾಗ ಗಡುವು ಇನ್ನೂ ಕಮ್ಮಿಯಿತ್ತು. ಸೀಲು ಒಡೆದಿದ್ದರೆ, ಯಾರು ಒಡೆದರು ಯಾಕೆ ಒಡೆದರು ಎಂಬ ಮಾತೇ ಇಲ್ಲ, ಅದನ್ನು ಹೊತ್ತು ವಿಮಾನ ಹತ್ತುವಂತಿಲ್ಲ. ಕಾನೂನು ಎಂದರೆ ಕಿರಿಕಿರಿ ಎನ್ನುವವರೇ ಹೆಚ್ಚು. ನನಗೆ ಈ ಕಾನೂನಿನ ಮೇಲೆ ಪ್ರೀತಿ ಇದೆ. ಇದರಲ್ಲಿ ಅನುಮಾನಕ್ಕೆ ಜಾಗ ಇಲ್ಲ.

ನನ್ನ ಅಕ್ಕನ ಮಗಳು ಸುಜಾತಾ. ಅಕ್ಕನ ಮನೆ ಬಸವಕಲ್ಯಾಣದ ಹತ್ತಿರದ ಕೊಹಿನೂರಿನಲ್ಲಿ. ಕೂಲಿ ಮಾಡಿ ಗಳಿಸಿದ ಸಣ್ಣ ಹೊಲದಲ್ಲಿ ಅಕ್ಕ ತಾನೇ ದುಡಿಯುತ್ತಾಳೆ. ಸುಜಾತಾ ಕಾಲೇಜಿನಲ್ಲಿ ಎನ್‌ಸಿಸಿ ಸೇರಿ, ಅಲ್ಲಿಂದ ಹಾರುವ ಹುಚ್ಚು ಹತ್ತಿಸಿಕೊಂಡು, ಈಗ ಜನರಿಗೆ ಹಾರಲು ಕಲಿಸುವ ಒಂದು ಕಂಪನಿಯಲ್ಲಿ ಕೆಲಸ ಮಾಡುತ್ತಾಳೆ. ಆ ಹುಚ್ಚಿಗೆ ನಾನೇ ಕಾರಣ ಎಂದು ಅಕ್ಕ ಇಂದಿಗೂ ಬೈಯುತ್ತಾಳೆ. ಒಬ್ಬಳೇ ಮಗಳು, ಬೈಯಲಿ ಬಿಡಿ. ಸುಜಾತಾಳ ರಿಸರ್ವ್ ಹೊಸದಾಗಿ ಬಂದಾಗ ಮೊದಲ ಮಡಿಕೆ ಹಾಕಿದವನು ನಾನು. ಅವತ್ತಿನಿಂದ ಅದಕ್ಕೆ ಬೇರೆಯವರ ಕೈ ಸೋಕಿಲ್ಲ. ಅವಳಿಗೆ ಅದು ಒಮ್ಮೆಯೂ ಬೇಕಾಗಿರಲಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಯುಗಾದಿ ಹತ್ತಿರ ಬಂದಿತ್ತು. ಬಸವಕಲ್ಯಾಣದ ಹೊರಗಿನ ಮೈದಾನದಲ್ಲಿ ಆ ಕಂಪನಿಯವರ ಹಾರಾಟದ ಪ್ರದರ್ಶನವಿತ್ತು. ತನ್ನ ತಾಲೂಕಿನ ಜನರ ಎದುರಿಗೆ ಸುಜಾತಾ ಮೊದಲ ಸಲ ಆಕಾಶದಿಂದ ಇಳಿಯುವವಳಿದ್ದಳು. ಅಷ್ಟರಲ್ಲಿ ರಿಸರ್ವಿನ ಗಡುವು ಮುಗಿಯುತ್ತ ಬಂದದ್ದರಿಂದ ಚೀಲ ಹೊತ್ತು ನನ್ನಲ್ಲಿಗೆ ಬಂದಳು. ಜೊತೆಗೆ ಅಕ್ಕನೂ ಇದ್ದಳು. ಮಟಮಟ ಮಧ್ಯಾಹ್ನ, ಬಿಸಿಲಿಗೆ ಡಾಂಬರು ಕರಗುತ್ತಿತ್ತು. ಅವರಿಗೆ ನೀರು ಕೊಟ್ಟು ಮೇಲೆ ಕರೆದುಕೊಂಡು ಹೋದೆ.

ಸೀಲು ನೋಡಿದೆ. ದಾರ ಹಾಗೇ ಇತ್ತು, ಸೀಸದ ಮೇಲೆ ನನ್ನ ಗುರುತು ಹಾಗೇ ಇತ್ತು. ದಾರ ಕತ್ತರಿಸಿ, ಚೀಲ ಬಿಚ್ಚಿ, ಬಟ್ಟೆಯನ್ನು ಮೇಜಿನ ಮೇಲೆ ಉದ್ದಕ್ಕೆ ಎಳೆದೆ. ಮೊದಲು ಕೈಗೆ ತಣ್ಣಗೆ ಹತ್ತಿತು. ಅಂಚು ಒದ್ದೆಯಾಗಿತ್ತು. ಮಳೆಯ ಒದ್ದೆಯಲ್ಲ, ಬೆಳಗಿನ ಮಂಜಿನಲ್ಲಿ ಹೊಲದ ಬದುವಿನ ಮೇಲೆ ನಡೆದರೆ ಧೋತರ ಒದ್ದೆಯಾಗುತ್ತದಲ್ಲ, ಹಾಗೆ. ಇನ್ನೊಂದು ಮಡಿಕೆ ಬಿಡಿಸಿದೆ. ಕರಿಮಣ್ಣಿನ ಹೆಂಟೆ ಪುಡಿಯಾಗಿ ಮೇಜಿನ ಮೇಲೆ ಉದುರಿತು. ಅದರ ಹಿಂದೆಯೇ ಹಳದಿ ಹೂಗಳು. ತೊಗರಿ ಹೂವು.

ಏನು ನೋಡುತ್ತಿದ್ದೇನೆಂದು ತಲೆಗೆ ಹೋಗಲೇ ಇಲ್ಲ. ನಾನು ಅದನ್ನು ಮಡಿಸಿದ್ದು ಗಣಪತಿ ಹಬ್ಬದ ಹೊತ್ತಿಗೆ, ಇದೇ ಮೇಜಿನ ಮೇಲೆ, ಕಿಟಕಿ ಹಾಕಿಕೊಂಡು. ಆಗ ತೊಗರಿ ಇನ್ನೂ ಹೂ ಬಿಟ್ಟಿರಲಿಲ್ಲ. ಈಗಲೋ ಕಟಾವು ಮುಗಿದು, ರಾಶಿಯಾಗಿ, ತೊಗರಿಕಟ್ಟಿಗೆ ಒಲೆ ಸೇರಿದ ಕಾಲ. ಸುತ್ತ ಎಲ್ಲಿ ಹುಡುಕಿದರೂ ಒಂದು ತೊಗರಿ ಹೂವು ಸಿಗುವ ಹಾಗಿರಲಿಲ್ಲ.

ಮೊದಲು ಸಿಟ್ಟು ಬಂದದ್ದು ಸುಜಾತಾಳ ಮೇಲೆ. ರಿಸರ್ವ್ ಬಳಸಿ, ಬೇರೆ ಯಾರಿಂದಲೋ ಮಡಿಸಿ, ನನ್ನ ಸೀಲು ಹೋಲುವ ಸೀಲು ಹಾಕಿಸಿದ್ದೀಯಾ ಎಂದು ಕೇಳಿಯೇ ಬಿಟ್ಟೆ. ಅವಳ ಮುಖ ಕೆಂಪಾಯಿತು. ಬಳಸಿದ್ದರೆ ಮೊದಲು ಫೋನ್ ಮಾಡುತ್ತಿದ್ದುದು ನಿಮಗೇ ಅಲ್ಲವೇ ಎಂದಳು. ಅದು ನಿಜ. ಸೀಸವನ್ನು ಭೂತಗನ್ನಡಿಯ ಕೆಳಗೆ ಹಿಡಿದು ನೋಡಿದೆ. ನನ್ನ ಇಕ್ಕಳದ ಹಲ್ಲಿನಲ್ಲಿ ಒಂದು ಸಣ್ಣ ಮುಕ್ಕು ಇದೆ, ಆ ಮುಕ್ಕೂ ಮೂಡಿತ್ತು. ಇಕ್ಕಳ ಇರುವುದು ಕಪಾಟಿನಲ್ಲಿ, ಬೀಗದ ಕೈ ನನ್ನ ಉಡದಾರದಲ್ಲಿ. ಅನುಮಾನಂ ಪೆದ್ದರೋಗಂ ಎನ್ನುತ್ತಾರಲ್ಲ, ಕೊನೆಗೆ ನನ್ನ ಮೇಲೆಯೇ ನನಗೆ ಅನುಮಾನ ಬಂತು.

ಅಕ್ಕ ಒಂದು ಹೂವನ್ನು ಎತ್ತಿಕೊಂಡು ಬೆರಳಲ್ಲಿ ಹಿಸುಕಿ ಮೂಸಿದಳು. ಇವತ್ತು ಬೆಳಿಗ್ಗೆ ಅರಳಿದ್ದು ಎಂದಳು. ಆಮೇಲೆ ಬಟ್ಟೆಗೆ ಹತ್ತಿದ ಮಣ್ಣನ್ನು ಸವರಿ ನೋಡಿ, ನಾನು ಇಂದಿಗೂ ಮರೆಯದ ಮಾತು ಹೇಳಿದಳು.

“ಮಣ್ಣು ಹತ್ಯಾದ ಅಂದ್ರ ನೆಲಕ್ಕ ಇಳದಾಳಲ್ಲೋ ತಮ್ಮಾ. ಇಳೀಲಾರ್ದೋರಿಗಿ ಮಣ್ಣು ಹ್ಯಾಂಗ ಹತ್ತತದ?”

ಅವಳಿಗೆ ಅದು ಸಮಾಧಾನದ ಮಾತು. ನನಗಲ್ಲ. ನೆಲಕ್ಕೆ ಬರುವುದರಲ್ಲಿ ಎರಡು ಬಗೆ ಇದೆ. ಅರಳಿದ ಪ್ಯಾರಾಶೂಟಿಗೂ ಮಣ್ಣು ಹತ್ತುತ್ತದೆ, ಅರ್ಧ ಅರಳಿ ಬಿದ್ದದ್ದಕ್ಕೂ ಹತ್ತುತ್ತದೆ. ನನ್ನ ಸೇವೆಯಲ್ಲಿ ಎರಡನ್ನೂ ಮೇಜಿನ ಮೇಲೆ ಬಿಡಿಸಿ ನೋಡಿದವನು ನಾನು. ಅಕ್ಕನಿಗೆ ಅದನ್ನು ಹೇಗೆ ಹೇಳಲಿ?

ಅವರನ್ನು ಊಟಕ್ಕೆ ಕಳಿಸಿ ಪರೀಕ್ಷೆಗೆ ನಿಂತೆ. ಬಟ್ಟೆಯನ್ನು ತೂಗುಹಾಕಿ ಒಣಗಿಸಿ, ಗೇಣು ಗೇಣು ಬೆಳಕಿಗೆ ಹಿಡಿದೆ. ಹಗ್ಗಗಳನ್ನು ಒಂದೊಂದಾಗಿ ಬೆರಳಲ್ಲಿ ಓಡಿಸಿದೆ. ಹರಿದಿಲ್ಲ, ಸುಟ್ಟಿಲ್ಲ, ಸವೆದಿಲ್ಲ. ಆದರೆ ಹಗ್ಗಗಳು ಬಟ್ಟೆಗೆ ಸೇರುವ ಕಡೆಯ ಹೊಲಿಗೆ ಬೇರೆಯೇ ಕಂಡಿತು. ಒಮ್ಮೆಯೂ ಮನುಷ್ಯರ ಭಾರ ಹೊರದ ಪ್ಯಾರಾಶೂಟಿನಲ್ಲಿ ಆ ಹೊಲಿಗೆ ಸ್ವಲ್ಪ ಉಬ್ಬಿಕೊಂಡಿರುತ್ತದೆ, ಭಾರ ಹೊತ್ತ ಮೇಲೆ ಬಿಗಿದು ಕೂರುತ್ತದೆ. ಇದರಲ್ಲಿ ಎಲ್ಲವೂ ಬಿಗಿದು ಕೂತಿದ್ದವು. ಇದಕ್ಕೆ ಯಾರೋ ಜೋತುಬಿದ್ದಿದ್ದರು.

ನಿಯಮ ಏನು ಹೇಳುತ್ತದೆಂದು ಕೇಳಿದರೆ, ಏನೂ ಹೇಳುವುದಿಲ್ಲ. ಪ್ಯಾರಾಶೂಟ್ ಈಗ ಹೇಗಿದೆ ಎಂದು ನೋಡು, ಸರಿಯಿದ್ದರೆ ಮಡಿಸು, ಸಹಿ ಹಾಕು, ಅಷ್ಟೇ. ಬಳಸಿದ ರಿಸರ್ವನ್ನು ಪರೀಕ್ಷಿಸಿ ಮತ್ತೆ ಬಳಸಬಹುದು. ಬಳಸದೆಯೇ ಬಳಸಿದಂತಾದದ್ದನ್ನು ಏನು ಮಾಡಬೇಕೆಂದು ಯಾವ ದೇಶದ ಯಾವ ಕಾನೂನೂ ಬರೆದಿಟ್ಟಿಲ್ಲ. ಇಡೀ ಜೀವಮಾನದಲ್ಲಿ ಮೊದಲ ಸಲ ಕಾನೂನು ನನ್ನನ್ನು ನಡುನೀರಿನಲ್ಲಿ ಕೈಬಿಟ್ಟಿತ್ತು.

ಹಾರುವುದು ಬೇಡ ಎಂದೆ ಸುಜಾತಾಳಿಗೆ. ಅವಳು ಹಟ ಮಾಡಲಿಲ್ಲ, ಅಳಲೂ ಇಲ್ಲ.

“ಮಾಮಾ, ನೀವು ಸಹಿ ಹಾಕಲಿಲ್ಲಂದ್ರ ನಾ ಹಾರಂಗಿಲ್ರಿ. ಆದ್ರ ಕಾರಣ ಏನಂತ ಬರೀತೀರಿ?”

ಹಾಳೆಯ ಮೇಲೆ ಪೆನ್ನು ಹಿಡಿದು ಕೂತೆ. ತೊಗರಿ ಹೂವು ಎಂದು ಬರೆಯಲೇ? ಹೆದರಿಕೆ ಎಂದು ಬರೆಯಲೇ? ಹುಡುಗಿ ಊರಿನ ಎದುರಿಗೆ ಇಳಿಯುವ ಕನಸು ಕಟ್ಟಿಕೊಂಡಿದ್ದಾಳೆ. ಕೂಲಿ ಮಾಡಿದವರ ಮಗಳು ಏನಾದಳೆಂದು ಊರು ನೋಡಲಿ ಎಂಬ ಆಸೆ ನನಗೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಮಾರನೆಯ ದಿನ ಇನ್ನೊಮ್ಮೆ ಮೊದಲಿಂದ ಪರೀಕ್ಷಿಸಿ, ಮಡಿಸಿ, ಸೀಲು ಒತ್ತಿ, ಸಹಿ ಹಾಕಿದೆ.

ಪ್ರದರ್ಶನದ ದಿನ ಮೈದಾನಕ್ಕೆ ಎಲ್ಲರಿಗಿಂತ ಮೊದಲು ಹೋದೆ. ಸುತ್ತಲಿನ ಹೊಲಗಳನ್ನು ಒಂದು ಸುತ್ತು ಹಾಕಿ ನೋಡಿದೆ. ಎಲ್ಲ ಬರಿದು, ಬಿರುಕು ಬಿಟ್ಟ ನೆಲ, ಜೋಳದ ಕೂಳೆ. ತೊಗರಿಯ ಹೆಸರಿಲ್ಲ, ಇಬ್ಬನಿಯ ಮಾತೇ ಇಲ್ಲ. ಇಲ್ಲಿ ಅಲ್ಲ, ಇವತ್ತು ಅಲ್ಲ ಎಂದುಕೊಂಡೆ. ಆ ಕ್ಷಣದಲ್ಲಿ ನಾನು ಅದನ್ನೆಲ್ಲ ನಂಬಿಬಿಟ್ಟಿದ್ದೇನೆಂದು ನನಗೇ ಗೊತ್ತಾಗಿ ನಾಚಿಕೆಯಾಯಿತು. ವಿಮಾನ ಬಂತು. ಚುಕ್ಕಿಗಳ ಹಾಗೆ ಒಬ್ಬೊಬ್ಬರೇ ಹೊರಬಿದ್ದರು. ಅಕ್ಕ ನನ್ನ ತೋಳು ಹಿಡಿದದ್ದು ಉಗುರು ಊರುವಷ್ಟು ಬಿಗಿಯಾಗಿತ್ತು. ಮೇನ್ ಅರಳಿತು. ಸುಜಾತಾ ಗಾಳಿಯಲ್ಲಿ ಒಂದು ಸುತ್ತು ಹೊಡೆದು, ಜನರ ನಡುವೆ ಬಿಟ್ಟ ಜಾಗದಲ್ಲಿ ಓಡುತ್ತ ಬಂದು ನಿಂತಳು. ಊರು ಸೀಟಿ ಹೊಡೆಯಿತು. ಅಕ್ಕ ಮಗಳ ಮುಖ ಹಿಡಿದು ಅತ್ತಳು. ರಿಸರ್ವ್ ಚೀಲದಲ್ಲೇ ಇತ್ತು, ಸೀಲು ಹಾಗೇ ಇತ್ತು.

ಎಲ್ಲ ಸುಖವಾಗಿ ಮುಗಿಯಿತಲ್ಲ ಎಂದು ನೀವು ಅನ್ನಬಹುದು. ನಾನೂ ಹಾಗೇ ಅಂದುಕೊಂಡು ಮನೆಗೆ ಬಂದೆ. ಬೂಟು ಬಿಚ್ಚುವಾಗ ತಲೆಗೆ ಬಂತು: ಹಾಗಾದರೆ ಆ ಮಣ್ಣು ಹತ್ತುವ ಹಾಗೆ ಇಳಿದದ್ದು ಯಾವಾಗ? ಆಗಿಹೋದದ್ದಲ್ಲ ಎಂಬುದಕ್ಕೆ ಸೀಲು ಸಾಕ್ಷಿ. ಅವತ್ತು ಆಗಲಿಲ್ಲ ಎಂಬುದಕ್ಕೆ ನಾನೇ ಸಾಕ್ಷಿ. ಉಳಿದದ್ದು ಇನ್ನೂ ಆಗಬೇಕಾದದ್ದು ಒಂದೇ.

ಆ ರಿಸರ್ವನ್ನು ತೆಗೆದುಹಾಕಿ ಹೊಸದು ತರೋಣ ಎಂದೆ. ಸುಜಾತಾ ಒಪ್ಪಿದಳು, ಅವಳಿಗೆ ಅದೊಂದು ಸಾಮಾನು ಅಷ್ಟೇ. ಅಡ್ಡ ಬಂದದ್ದು ಅಕ್ಕ. ಮಗಳನ್ನು ನೆಲಕ್ಕೆ ಇಳಿಸುತ್ತದೆಂದು ಗೊತ್ತಿರುವುದು ಇದೊಂದೇ, ಹೊಸದರ ಭರವಸೆ ಯಾರು ಕೊಡುತ್ತಾರೆ ಎಂದು ಕೇಳಿದಳು. ಅದನ್ನು ಬಿಸಾಡಿದರೆ ಆ ದಿನ ಬಾರದೇ ಹೋಗುತ್ತದೋ, ಅಥವಾ ಆ ದಿನ ಬಂದಾಗ ಅವಳ ಬೆನ್ನಿಗೆ ಬೇರೆ ಯಾವುದೋ ಇರುತ್ತದೋ? ಎತ್ತ ತೂಗಿದರೂ ತಕ್ಕಡಿ ನಿಲ್ಲಲಿಲ್ಲ. ಹೀಗಾಗಿ ಅದು ಉಳಿಯಿತು.

ಆಮೇಲೆ ಗಡುವು ಬಂದಾಗಲೆಲ್ಲ ಅದನ್ನು ನಾನೇ ಬಿಚ್ಚಿದ್ದೇನೆ. ಪ್ರತಿ ಸಲ ಒಣಗಿದ, ಶುಭ್ರವಾದ ಬಟ್ಟೆ. ಬಿಗಿದ ಹೊಲಿಗೆ ಮಾತ್ರ ಹಾಗೇ ಇದೆ. ಪರಿಚಯದ ಮೇಷ್ಟ್ರೊಬ್ಬರಿಗೆ ಹೇಳಿದೆ. ಮಡಿಸುವಾಗ ಸೆಖೆಯ ತೇವ ಸೇರಿರಬೇಕು, ಮಣ್ಣು ಕಿಟಕಿಯಿಂದ ಬಂದಿರಬೇಕು ಎಂದರು. ಹೂವಿನ ಬಗ್ಗೆ ಕೇಳಿದೆ, ಚಹಾ ಕುಡಿಯಿರಿ ಎಂದರು.

ತೊಗರಿ ಹೂ ಬಿಡುವ ತಿಂಗಳುಗಳಲ್ಲಿ ಹಾರಬೇಡ ಎಂದು ಸುಜಾತಾಳಿಂದ ಮಾತು ತೆಗೆದುಕೊಂಡಿದ್ದೆ. ಮಾಮನ ಹುಚ್ಚು ಎಂದು ನಗುತ್ತಲೇ ಇಷ್ಟು ವರ್ಷ ನಡೆಸಿಕೊಂಡು ಬಂದಳು. ಈ ವರ್ಷ ಆಗಲಿಲ್ಲ. ಕಂಪನಿಯಲ್ಲಿ ಅವಳೀಗ ಹಿರಿಯಳು, ಕಲಿಯುವವರನ್ನು ಬಿಟ್ಟು ಕೂರುವ ಹಾಗಿಲ್ಲ. ಹಾರುವ ಜಾಗ ಯಾವುದೋ ದೂರದ ಊರು. ಅಲ್ಲಿ ಹೊಲದಲ್ಲಿ ಏನು ಬೆಳೆಯುತ್ತಾರೆ ಎಂದು ಕೇಳಿದೆ. ನೋಡಿಲ್ಲ ಎಂದಳು.

ಚೀಲ ನನ್ನ ಮೇಜಿನ ಮೇಲಿದೆ. ನಿನ್ನೆ ಮಡಿಸಿ ಸೀಲು ಒತ್ತಿದೆ, ನಾಳೆ ಒಯ್ಯಲು ಬರುತ್ತಾಳೆ. ಇವತ್ತು ಸಂಜೆ ಅಕ್ಕ ಹೊಲದಿಂದಲೇ ಫೋನ್ ಮಾಡಿದ್ದಳು.

“ಚೀಲದಾಗ ಹಳೇದೇ ಅದಲ್ಲ?”

“ಹಳೇದೇ ಅದ ಅಕ್ಕ.”

“ಚಲೋ ಆಯ್ತು” ಎಂದು ಫೋನ್ ಇಟ್ಟಳು. ಚಲೋ ಆಯಿತೋ ಇಲ್ಲವೋ ನನಗೆ ಗೊತ್ತಿಲ್ಲ.